ಪಾಠ ಚಳ್ಳಕೆರೆಯಲ್ಲಿ, ಅಳತೆಗೋಲು ಊರಾಚೆ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಬಂಡೆಶಾಸನವನ್ನು ಬಿ.ಎಲ್. ರೈಸ್ ಪತ್ತೆ ಮಾಡಿದ್ದು 1892ರಲ್ಲಿ. ಶಿಷ್ಯನು ಆಚಾರ್ಯನನ್ನು ಗೌರವಿಸಬೇಕೆಂಬ ಮಾತು ಅದರಲ್ಲಿದೆ. ಶಿಷ್ಯ ಕಲಿತದ್ದೆಷ್ಟು ಎಂದು ಅಳೆಯುವ ಬಗೆಯನ್ನು ಅದು ಹೇಳುವುದಿಲ್ಲ. ಆ ಕೆಲಸ ನಮ್ಮಲ್ಲಿ ಪರೀಕ್ಷೆಯ ಪಾಲಾಯಿತು. ಪರೀಕ್ಷೆಯೋ, ಎಂದಿಗೂ ಪರಸ್ಥಳದ್ದು.

1857ರಲ್ಲಿ ಲಂಡನ್ ಮಾದರಿಯಲ್ಲಿ ಸ್ಥಾಪನೆಯಾದ ಮದ್ರಾಸು ವಿಶ್ವವಿದ್ಯಾಲಯ ಮೊದಮೊದಲು ಪಾಠ ಹೇಳುತ್ತಿರಲಿಲ್ಲ. ಪರೀಕ್ಷೆ ನಡೆಸಿ ಪದವಿ ಕೊಡುತ್ತಿತ್ತು, ಅಷ್ಟೆ. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟುವವರೆಗೆ ಸಂಸ್ಥಾನದ ಕಾಲೇಜುಗಳು ಅದಕ್ಕೇ ಸೇರಿದ್ದವು. ಮುಂದೆ ಚಿತ್ರದುರ್ಗ ಸೀಮೆಯ ಕಾಲೇಜುಗಳು 1987ರಲ್ಲಿ ಆರಂಭವಾದ ಕುವೆಂಪು ವಿ.ವಿ.ಗೆ, 2009ರಿಂದ ದಾವಣಗೆರೆ ವಿ.ವಿ.ಗೆ ಒಳಪಟ್ಟವು. ಕಚೇರಿ ಹತ್ತಿರವಾಯಿತು, ಪದ್ಧತಿ ಹಳೆಯದೇ ಉಳಿಯಿತು. ಪಾಠ ಮಾಡಿದವರು ಒಬ್ಬರು, ಪ್ರಶ್ನೆ ತೆಗೆದವರು ಇನ್ನೊಬ್ಬರು. ಕಾಲೇಜಿಗೆ ಮರಳಿ ಬರುವುದು ಅಂಕಪಟ್ಟಿ ಮಾತ್ರ. ಇಡೀ ತರಗತಿ ಎಲ್ಲಿ ಎಡವಿತೆಂಬುದು ಅದರಲ್ಲಿ ಕಾಣುವುದಿಲ್ಲ.

ಇದು ಹೊಸ ದೂರೇನಲ್ಲ. ಒಂದೇ ಒಂದು ಸುಧಾರಣೆ ಸೂಚಿಸಬೇಕಾದರೆ ಅದು ಪರೀಕ್ಷೆಯದೇ ಎಂದು 1948–49ರ ರಾಧಾಕೃಷ್ಣನ್ ಆಯೋಗ ಹೇಳಿತ್ತು. ವಿಜ್ಞಾನದವರಿಗೂ ಸಾಹಿತ್ಯ, ಕಲೆಯವರಿಗೂ ವಿಜ್ಞಾನ ಸಿಗಲಿ ಎಂದು ಸಾಮಾನ್ಯ ಶಿಕ್ಷಣವನ್ನು ಶಿಫಾರಸು ಮಾಡಿದ್ದೂ ಅದೇ ಆಯೋಗ. 1964–66ರ ಕೊಠಾರಿ ಆಯೋಗ ಆಂತರಿಕ ಮೌಲ್ಯಮಾಪನದ ಮೇಲೆ ಒತ್ತು ಹಾಕಿತು.

ಕಾಲೇಜುಗಳಲ್ಲಿ ಸಾಮಾನ್ಯ ಶಿಕ್ಷಣವೆಂದು ಉಳಿದದ್ದು ಬಹುಮಟ್ಟಿಗೆ ಸಂವಿಧಾನ, ಪರಿಸರ ಅಧ್ಯಯನದಂಥ ಕಡ್ಡಾಯ ಪತ್ರಿಕೆಗಳು. ಪಾಸಾದರೆ ಸಾಕು ಎಂಬ ಭಾವ ಅವುಗಳ ಬೆನ್ನಿಗೇ ಬಂತು. 2021ರಲ್ಲಿ ಮುಕ್ತ ಐಚ್ಛಿಕ ವಿಷಯಗಳು ಬಂದು, ವಾಣಿಜ್ಯದ ವಿದ್ಯಾರ್ಥಿಯೂ ಇತಿಹಾಸ ಓದಬಹುದಾಯಿತು. 2024ರಲ್ಲಿ ರಾಜ್ಯ ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು ಮೂರಕ್ಕೆ ಮರಳಿತು. ಹಿಂದಿನ ತಂಡಗಳು ಕಲಿತದ್ದೇನು ಎಂದು ನೋಡುವ ಮೊದಲೇ ಪಠ್ಯಕ್ರಮ ಬದಲಾದರೆ ಯಾವುದು ಫಲಿಸಿತೆಂದು ಹೇಳುವುದು ಕಷ್ಟ.

ಚಳ್ಳಕೆರೆಯನ್ನೇ ನೋಡಿ. ಇಲ್ಲಿನ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ವಿಜ್ಞಾನ, ರಕ್ಷಣಾ ಸಂಸ್ಥೆಗಳಿಗೆ ಹೋಯಿತು. ವಿವಾದ ಹಸಿರು ನ್ಯಾಯಮಂಡಳಿಯವರೆಗೂ ಏರಿತು. ‘ಹುಲ್ಲುಗಾವಲು: ಟಿಪ್ಪಣಿ ಬರೆಯಿರಿ’ ಎಂದರೆ ಕಾವಲಿನಲ್ಲಿ ಕುರಿ ಕಾದ ಹುಡುಗನೂ ಗೈಡಿನ ನಾಲ್ಕು ಸಾಲನ್ನೇ ಬರೆದಾನು. ಕಾವಲು ಬೇಲಿಯಾದಾಗ ಯಾರಿಗೇನು ಆಯಿತು, ಅದನ್ನು ಹೇಗೆ ತಿಳಿದೆ ಎಂದು ಕೇಳಿದರೆ ಉತ್ತರವೇ ಬೇರೆ. ಅಂಥ ಮೂವತ್ತು ಉತ್ತರಗಳನ್ನು ಅಧ್ಯಾಪಕರು ಒಟ್ಟಿಗೆ ಕುಳಿತು ಓದಿ, ಅಂಕದ ಗೊಡವೆ ಬಿಟ್ಟು, ಮುಂದಿನ ವರ್ಷದ ಪಾಠದಲ್ಲಿ ಏನು ತಿದ್ದಬೇಕೆಂದು ಗುರುತು ಹಾಕಿಕೊಳ್ಳಲು ಒಂದು ಮಧ್ಯಾಹ್ನ ಸಾಕು.