ವೆಬ್ ಸರ್ವರ್ ಹುಟ್ಟಿ ಬೆಳೆದ ಬಗೆ

ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯಕ್ಕೆ ನಾನಾ ದೇಶಗಳ ವಿಜ್ಞಾನಿಗಳು ಬಂದು ಹೋಗುತ್ತಿದ್ದರು. ಯಾವ ಮಾಹಿತಿ ಯಾವ ಕಂಪ್ಯೂಟರಿನಲ್ಲಿದೆ ಎಂದು ಹುಡುಕುವುದೇ ಅಲ್ಲಿ ದೊಡ್ಡ ತಲೆನೋವಾಗಿತ್ತು. ಇದಕ್ಕೆ ಪರಿಹಾರ ಸೂಚಿಸಿ ಅಲ್ಲೇ ಕೆಲಸ ಮಾಡುತ್ತಿದ್ದ ಟಿಮ್ ಬರ್ನರ್ಸ್-ಲೀ 1989ರ ಮಾರ್ಚ್‌ನಲ್ಲಿ ಪ್ರಸ್ತಾವ ಬರೆದುಕೊಟ್ಟರು. ಮರುವರ್ಷ ಅವರ ಮೇಜಿಗೆ ನೆಕ್ಸ್ಟ್ ಕಂಪ್ಯೂಟರ್ ಬಂತು. 1990 ಮುಗಿಯುವಷ್ಟರಲ್ಲಿ ವೆಬ್ಬಿನ ಮೊದಲ ಬ್ರೌಸರ್, ಸರ್ವರ್ ಎರಡೂ ಅದರಲ್ಲಿ ಕೆಲಸ ಮಾಡತೊಡಗಿದ್ದವು. ಯಂತ್ರವನ್ನು ಯಾರೂ ಆಫ್ ಮಾಡದಿರಲೆಂದು, ಇದು ಸರ್ವರ್ ಎಂದು ಕೆಂಪು ಶಾಯಿಯಲ್ಲಿ ಎಚ್ಚರಿಸುವ ಚೀಟಿಯನ್ನೂ ಅದಕ್ಕೆ ಅಂಟಿಸಿದ್ದರು.

ಆ ಸರ್ವರ್ ಮಾಡುತ್ತಿದ್ದ ಕೆಲಸ ಬಹಳ ಸರಳ. ಬ್ರೌಸರ್ ಸಂಪರ್ಕ ಬೆಳೆಸಿ ಒಂದೇ ಒಂದು ಸಾಲು ಕಳಿಸುತ್ತಿತ್ತು: ಮೊದಲು 'ಗೆಟ್' ಎಂಬ ಆದೇಶ, ಆಮೇಲೆ ಬೇಕಾದ ಪುಟದ ವಿಳಾಸ. ಸರ್ವರ್ ಆ ಪುಟವನ್ನು ಓದಿ, ಇದ್ದದ್ದನ್ನು ಇದ್ದ ಹಾಗೆ ಕಳಿಸಿ, ಸಂಪರ್ಕ ಮುಚ್ಚುತ್ತಿತ್ತು. ಸಂಪರ್ಕ ಮುಚ್ಚಿತೆಂದರೆ ಪುಟ ಮುಗಿಯಿತೆಂದೇ ಅರ್ಥ. ಪುಟ ಸಿಗಲಿಲ್ಲವೆಂದು ಹೇಳಲು 404ರಂಥ ಸಂಕೇತ ಸಂಖ್ಯೆ ಇನ್ನೂ ಇರಲಿಲ್ಲ. ತಪ್ಪಾದರೆ ಅದನ್ನೂ ಒಂದು ಪುಟವಾಗಿಯೇ ಬರೆದು ಕಳಿಸಬೇಕಿತ್ತು. ಟೆಲ್ನೆಟ್ ಎಂಬ ತಂತ್ರಾಂಶದಲ್ಲಿ ಆ ಸಾಲನ್ನು ಕೈಯಾರೆ ಟೈಪ್ ಮಾಡಿದರೂ ಉತ್ತರ ಬರುತ್ತಿತ್ತು. ಕಳಿಸಿದ್ದು ಯಾರಿಗೆ ಎಂಬುದನ್ನು ಸರ್ವರ್ ನೆನಪಿಟ್ಟುಕೊಳ್ಳುತ್ತಲೂ ಇರಲಿಲ್ಲ. ನೆಟ್‌ವರ್ಕ್ ಪ್ರೋಗ್ರಾಮಿಂಗ್ ಬಲ್ಲ ಯಾರೇ ಆಗಲಿ ಹತ್ತಾರು ಸಾಲುಗಳಲ್ಲೇ ಇಂಥ ಸರ್ವರ್ ಬರೆಯಬಹುದಿತ್ತು. ವೆಬ್ ಅಷ್ಟು ಬೇಗ ಹಬ್ಬಲು ಈ ಸರಳತೆ ಬಹುಮುಖ್ಯ ಕಾರಣ.

1991ರ ಡಿಸೆಂಬರಿನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವೇಗವರ್ಧಕ ಕೇಂದ್ರದಲ್ಲಿ ಯೂರೋಪಿನ ಆಚೆಯ ಮೊದಲ ಸರ್ವರ್ ಶುರುವಾಯಿತು. ಭೌತಶಾಸ್ತ್ರ ಪ್ರಬಂಧಗಳ ದೊಡ್ಡ ದತ್ತಾಂಶಕೋಶವೊಂದು ಅಲ್ಲಿನ ಐಬಿಎಂ ಮೇನ್‌ಫ್ರೇಮಿನಲ್ಲಿತ್ತು; ಪಾಲ್ ಕುಂಜ್ ಮತ್ತು ಲೂಯಿಸ್ ಆಡಿಸ್ ಮುತುವರ್ಜಿಯಿಂದ ಅದು ವೆಬ್ಬಿಗೆ ತೆರೆದುಕೊಂಡಿತು. ಇಲ್ಲಿ ಪುಟ ಮೊದಲೇ ಕಡತವಾಗಿ ಕೂತಿರಲಿಲ್ಲ, ಹುಡುಕಾಟದ ಫಲವಾಗಿ ಆಗಿಂದಾಗಲೇ ಸಿದ್ಧವಾಗುತ್ತಿತ್ತು. ಬ್ರೌಸರಿಗೆ ಈ ವ್ಯತ್ಯಾಸ ತಿಳಿಯುತ್ತಲೇ ಇರಲಿಲ್ಲ.

1993ರ ಏಪ್ರಿಲ್ 30ರಂದು ಸರ್ನ್ ತನ್ನ ವೆಬ್ ತಂತ್ರಾಂಶವನ್ನು ಸಾರ್ವಜನಿಕರಿಗೆ ಮುಕ್ತವಾಗಿ ಬಿಟ್ಟುಕೊಟ್ಟಿತು. ಅದೇ ವರ್ಷ ಇಲಿನಾಯ್ ವಿಶ್ವವಿದ್ಯಾಲಯದ ಸೂಪರ್‌ಕಂಪ್ಯೂಟಿಂಗ್ ಕೇಂದ್ರದಲ್ಲಿ ರಾಬ್ ಮೆಕೂಲ್ ಬರೆದ ಸರ್ವರ್ ಮನೆಮಾತಾಯಿತು. 1994ರಲ್ಲಿ ಅವರು ಕೇಂದ್ರ ಬಿಟ್ಟ ಮೇಲೆ ಅದರ ಬೆಳವಣಿಗೆ ಕುಂಟಿತು. ಅದನ್ನೇ ನೆಚ್ಚಿಕೊಂಡಿದ್ದ ವೆಬ್‌ಮಾಸ್ಟರುಗಳು ತಂತಮ್ಮ ತಿದ್ದುಪಡಿಗಳನ್ನು ಇಮೇಲಿನಲ್ಲಿ ಹಂಚಿಕೊಳ್ಳತೊಡಗಿದರು. 1995ರಲ್ಲಿ ಅವರಲ್ಲಿ ಕೆಲವರು ಒಗ್ಗೂಡಿ ಆ ತಿದ್ದುಪಡಿಗಳನ್ನೆಲ್ಲ ಸೇರಿಸಿ ಹೊರತಂದದ್ದೇ ಅಪಾಚೆ. ಒಂದೇ ವರ್ಷದಲ್ಲಿ, 1996ರ ಏಪ್ರಿಲ್ ಹೊತ್ತಿಗೆ, ಅದು ವೆಬ್ಬಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿದ್ದ ಸರ್ವರ್ ಆಗಿತ್ತು.