ಷಾ, ಚೆಸ್, ಚೆಕ್ಕು

ಬ್ಯಾಂಕಿಗೆ ಹಾಕುವ ಚೆಕ್ಕು, ಲೆಕ್ಕ 'ಚೆಕ್' ಮಾಡುವುದು, ಚೆಕ್ಸ್ ಷರ್ಟು, ಚೆಸ್ಸಿನಲ್ಲಿ ರಾಜನಿಗೆ ಕೊಡುವ ಚೆಕ್: ಇವೆಲ್ಲ ಒಂದೇ ಬೇರಿನವು. ಕನ್ನಡದಲ್ಲಿ ಬರೆದರೆ ಯುರೋಪಿನ ಚೆಕ್ ದೇಶವೂ ಈ ಸಾಲಿಗೆ ಬಂದು ನಿಲ್ಲುತ್ತದೆ, ಆದರೆ ಅದು ಬೇರೆ ಮನೆತನ.

ಪದಗಳ ಇಂಥ ನಂಟಸ್ತನ ಹುಡುಕುವ ವಿದ್ಯೆ ಬೆಳೆದದ್ದು ನಿಧಾನವಾಗಿ. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ತನ್ನ ಇಂಗ್ಲಿಷ್ ನಿಘಂಟಿನಲ್ಲಿ ಅರ್ಥಗಳಿಗೆ ಅಂಕಿ ಹಾಕಿ ಬಿಡಿಸಿಟ್ಟ. ಯಾವ ಅರ್ಥ ಯಾವಾಗ ಹುಟ್ಟಿತು ಎಂಬುದಕ್ಕೆ ಕಾಲಾನುಕ್ರಮದ ಸಾಕ್ಷ್ಯ ಬೇಕೆಂದು ಹಟ ಹಿಡಿದದ್ದು ಆಕ್ಸ್‌ಫರ್ಡ್ ನಿಘಂಟು. 1857ರಲ್ಲಿ ಲಂಡನ್ನಿನಲ್ಲಿ ಮೊಳೆತ ಆ ಯೋಜನೆಯ ಮೊದಲ ಕಂತು 1884ರಲ್ಲಿ ಅಚ್ಚಾಯಿತು, ಕೊನೆಯದು 1928ರಲ್ಲಿ. ನಡುವೆ, 1887ರಲ್ಲಿ, ಫ್ರಾನ್ಸಿನ ಆರ್ಸೆನ್ ದಾರ್ಮ್‌ಸ್ತೆತೆರ್ ಎರಡು ದಾರಿಗಳನ್ನು ಗುರುತಿಸಿದ: ಅರ್ಥಗಳು ಒಂದೇ ನಡುವಿನಿಂದ ಕಿರಣಗಳಂತೆ ಸುತ್ತಲೂ ಚೆಲ್ಲಬಹುದು, ಇಲ್ಲವೇ ಸರಪಳಿಯಂತೆ ಕೊಂಡಿಗೆ ಕೊಂಡಿ ಸೇರುತ್ತ ಮೊದಲ ಕೊಂಡಿಯನ್ನೇ ಮರೆಯಬಹುದು. ಒಂದು ಪದಕ್ಕೆ ಹಲವು ಅರ್ಥಗಳಿರುವುದನ್ನು 'ಪಾಲಿಸೆಮಿ' ಎಂದು ಕರೆದವನು ಅವನ ಸಮಕಾಲೀನ ಮಿಶೆಲ್ ಬ್ರೆಯಾಲ್. ಬ್ರೆಯಾಲನ ಹೆಸರೇ ಹೆಚ್ಚು ಕೇಳಿಬರುತ್ತದೆ. 'ಚೆಕ್' ಪದವನ್ನು ಬಿಡಿಸುವಾಗ ಮಾತ್ರ ನನಗೆ ನೆರವಾಗುವವನು ದಾರ್ಮ್‌ಸ್ತೆತೆರ್.

ಮೊದಲ ಕೊಂಡಿ ಪಾರಸಿಯ 'ಷಾ', ಅಂದರೆ ರಾಜ. ನಮ್ಮ ಚತುರಂಗ ಪರ್ಷಿಯಾಕ್ಕೆ ಹೋಗಿ, ಅರಬರ ಕೈದಾಟಿ ಯುರೋಪ್ ಸೇರಿತು. ರಾಜನಿಗೆ ಅಪಾಯ ಬಂದಾಗ 'ಷಾ!' ಎಂದು ಎಚ್ಚರಿಸುವ ಕೂಗು ಹಳೆಯ ಫ್ರೆಂಚಿನಲ್ಲಿ 'ಎಶೆಕ್' ಆಯಿತು. ಅದರ ಬಹುವಚನದಿಂದಲೇ ಇಂಗ್ಲಿಷಿನ 'ಚೆಸ್' ಬಂದದ್ದು. ಸ್ಪ್ಯಾನಿಷ್, ಪೋರ್ಚುಗೀಸರು ಚತುರಂಗದ ಹೆಸರನ್ನೇ ತಿರುಚಿಕೊಂಡು ಉಳಿಸಿಕೊಂಡರು, ಇಂಗ್ಲಿಷರಿಗೆ ದಕ್ಕಿದ್ದು ಆಟದ ಕೂಗು. ಚೆಕ್ ಬಿದ್ದ ರಾಜ ಮನಬಂದಂತೆ ನಡೆಯಲಾರನಷ್ಟೇ. ಹೀಗೆ ಪದಕ್ಕೆ 'ತಡೆ' ಎಂಬ ಅರ್ಥ ಅಂಟಿತು. ತಡೆದು ನಿಲ್ಲಿಸಿ ನೋಡುವುದರಿಂದ 'ತಪಾಸಣೆ' ಹುಟ್ಟಿತು.

ಇನ್ನೊಂದು ಕವಲು ಆಟದ ಮಣೆಯಿಂದ ಹೊರಟಿತು. ಹನ್ನೆರಡನೆಯ ಶತಮಾನದಲ್ಲಿ ಇಂಗ್ಲೆಂಡಿನ ಅರಸರ ಖಜಾನೆಯಲ್ಲಿ ಸುಮಾರು ಹತ್ತಡಿ ಉದ್ದ, ಐದಡಿ ಅಗಲದ ಮೇಜಿತ್ತು. ಅದರ ಮೇಲೆ ಗೆರೆ ಎಳೆದ ಬಟ್ಟೆ ಹಾಸಿ, ಪೆನ್ನಿ, ಷಿಲಿಂಗ್, ಪೌಂಡುಗಳ ಅಂಕಣಗಳಲ್ಲಿ ಬಿಲ್ಲೆ ಸರಿಸಿ ಕೂಡಿ ಕಳೆಯುತ್ತಿದ್ದರು. ರೋಮನ್ ಅಂಕಿಗಳಲ್ಲಿ ಕೂಡಿಸಿ ನೋಡಿದವರಿಗೆ ಇದರ ಅಗತ್ಯ ಬೇಗ ತಿಳಿಯುತ್ತದೆ. ಆ ಮೇಜಿನಿಂದಲೇ ಕಚೇರಿಗೆ 'ಎಕ್ಸ್‌ಚೆಕರ್' ಎಂಬ ಹೆಸರು. ಅಲ್ಲಿ ಖಜಾಂಚಿಯಾಗಿದ್ದ ರಿಚರ್ಡ್ ಫಿಟ್ಸ್‌ನೀಲ್ ಹೆಸರಿಗೆ ಮತ್ತೊಂದು ಕಾರಣವನ್ನೂ ಬರೆದಿಟ್ಟಿದ್ದಾನೆ: ಚೆಸ್ಸಿನಲ್ಲಿ ರಾಜರು ಕಾದಾಡುವಂತೆ ಇಲ್ಲಿ ಖಜಾಂಚಿಗೂ ಲೆಕ್ಕ ಒಪ್ಪಿಸಲು ಬಂದ ಷೆರಿಫನಿಗೂ ಕಾದಾಟ. ಸರ್ಕಾರಿ ಆಡಿಟ್ ಎದುರಿಸಿದವರು ಈ ಹೋಲಿಕೆಯನ್ನು ತಟ್ಟನೆ ಒಪ್ಪಿಯಾರು. ಮಣೆಯ ಚೌಕಗಳೇ ಬಟ್ಟೆಗಿಳಿದು 'ಚೆಕ್ಸ್' ಆದವು. ನಮ್ಮ ನೇಕಾರರ ಬಾಯಲ್ಲಿ ಅದು ಚೌಕುಳಿ.

ಎರಡು ಕವಲುಗಳೂ ಮತ್ತೆ ಕೂಡಿದ್ದು ಬ್ಯಾಂಕಿನಲ್ಲಿ. ಹದಿನೆಂಟನೆಯ ಶತಮಾನದ ಆರಂಭದಲ್ಲಿ 'ಚೆಕ್' ಎಂದರೆ ಹಣದ ಆದೇಶಪತ್ರವಲ್ಲ, ಅದರ ಕೌಂಟರ್‌ಫಾಯಿಲ್. ಮೊತ್ತ ತಿದ್ದಿ ಮೋಸ ಮಾಡುವುದನ್ನು ತಡೆಯಲು ಇಟ್ಟುಕೊಂಡ ಚೀಟಿ ಅದು. ಬರಬರುತ್ತ ಪತ್ರಕ್ಕೇ ಆ ಹೆಸರು ಬಿತ್ತು. ಬ್ರಿಟನ್ನಿನಲ್ಲಿ ಎಕ್ಸ್‌ಚೆಕರಿನ ಪ್ರಭಾವದಿಂದ ಕಾಗುಣಿತ ಬದಲಾಗಿ ಕೊನೆಗೊಂದು 'ಕ್ಯೂ' ಸೇರಿತು, ಅಮೆರಿಕನ್ನರು ಹಳೆಯ ರೂಪವನ್ನೇ ಉಳಿಸಿಕೊಂಡರು. ಭಾರತದ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ ಬ್ರಿಟಿಷರ ಕಾಗುಣಿತವನ್ನು ಎತ್ತಿಕೊಂಡಿತು. ನಮ್ಮ ಚೆಕ್‌ಬುಕ್ಕಿನ ರಟ್ಟಿನ ಮೇಲೆ ಇಂದಿಗೂ ಇರುವುದು ಅದೇ.