ಹೊಟ್ಟೆಯ ನಡುದಾರಿ

ನನ್ನ ಸೋದರಮಾವ ಅರವಂಕಾಡಿನ ಕಾರ್ಡೈಟ್ ಫ್ಯಾಕ್ಟರಿಯಲ್ಲಿ ದುಡಿದು ನಿವೃತ್ತರಾದವರು. 2005ರಲ್ಲಿ ಅವರ ಅಂಗಾಲಿನ ಕಪ್ಪು ಮಚ್ಚೆಯೊಂದು ದೊಡ್ಡದಾಗಿ ಒಡೆಯಿತು. ಕತ್ತರಿಸಿ ತೆಗೆದರು. ಮೆಲನೋಮ ಎಂದು ಕಾಗದದಲ್ಲಿ ಬರೆದಿತ್ತು. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳ ಕ್ಯಾನ್ಸರ್ ಅದು. ಗಾಯ ಮಾಯಿತು, ಕಾಗದ ಪೆಟ್ಟಿಗೆ ಸೇರಿತು.

ನಾಲ್ಕು ವರ್ಷದ ಮೇಲೆ ಸ್ಟೇಷನ್ನಿನಿಂದ ಮನೆಗೆ ಏರು ಹತ್ತಲಾರದಷ್ಟು ಸುಸ್ತು. ರಕ್ತ ಕಡಿಮೆ. ಉಂಡ ಮೇಲೆ ಹೊಟ್ಟೆ ಹಿಂಡಿದ ಹಾಗೆ ನೋವು. ಬಾಯಿಂದ ಒಂದು ಸಲ, ಕೆಳಗಿನಿಂದ ಒಂದು ಸಲ ಟ್ಯೂಬು ಹಾಕಿ ನೋಡಿ "ಏನೂ ಇಲ್ಲ" ಅಂದರು. ಸುಳ್ಳೇನಲ್ಲ, ಟ್ಯೂಬು ಹೋದಷ್ಟು ದೂರ ಏನೂ ಇರಲಿಲ್ಲ. ಆದರೆ ನಡುವೆ ಸಣ್ಣ ಕರುಳು ಸುಮಾರು 6 ಮೀಟರ್ ಸುರುಳಿ ಸುತ್ತಿಕೊಂಡಿರುತ್ತದೆ. ಕಲ್ಲಾರು, ಕೂನೂರು ಎರಡೂ ಸ್ಟೇಷನ್ ನೋಡಿದರೆ ನಡುವಿನ ಸುರಂಗಗಳನ್ನೂ ನೋಡಿದ ಹಾಗಾಯಿತೇ?

ಆ ಸುರಂಗದೊಳಗೆ ಬೆಳಕು ಬಿಡಲು ವೈದ್ಯರಿಗೆ ನೂರು ವರ್ಷ ಹಿಡಿಯಿತು. 1895ರಲ್ಲಿ ರಾಂಟ್‌ಜೆನ್ ಕಂಡುಹಿಡಿದ ಎಕ್ಸ್‌ರೇಯಲ್ಲಿ ಎಲುಬು ಕಾಣುತ್ತಿತ್ತು, ಮೆತ್ತಗಿನ ಕರುಳು ಕಾಣುತ್ತಿರಲಿಲ್ಲ. ಅಮೆರಿಕದಲ್ಲಿ ವಾಲ್ಟರ್ ಕ್ಯಾನನ್ ಎಂಬ ವೈದ್ಯ ವಿದ್ಯಾರ್ಥಿ ಪ್ರಾಣಿಗಳ ಆಹಾರಕ್ಕೆ ಬಿಸ್ಮತ್ ಬೆರೆಸಿ, ಅದು ಹೊಟ್ಟೆಯಲ್ಲಿ ಸಾಗುವ ನೆರಳನ್ನು ನೋಡಿದ. ಆಮೇಲೆ ಬಂದದ್ದು ಬೇರಿಯಂ. ಸುಣ್ಣದ ನೀರಿನಂಥ ಆ ಬಿಳಿ ದ್ರವವನ್ನು ನಮ್ಮಲ್ಲೂ ಎಷ್ಟೋ ಜನ ಕುಡಿದಿದ್ದಾರೆ. ಕರುಳು ಎಲ್ಲಿ ಕಿರಿದಾಗಿದೆ ಅಂತ ನೆರಳು ಹೇಳುತ್ತದೆ, ಯಾಕೆ ಅಂತ ಹೇಳುವುದಿಲ್ಲ. ನಮ್ಮ ದೇಶದಲ್ಲಿ ಕರುಳಿನ ಕ್ಷಯವೂ ಹೀಗೇ ಕಾಣುವುದರಿಂದ ಗೊಂದಲ ಇನ್ನೂ ಜಾಸ್ತಿ.

1957ರಲ್ಲಿ ಹಿರ್ಶೋವಿಟ್ಸ್ ಬಗ್ಗುವ ಗಾಜಿನ ಎಳೆಗಳ ಟ್ಯೂಬು ತೋರಿಸಿದರು. ಅದೂ ಜಠರ ದಾಟಿ ಸ್ವಲ್ಪ ದೂರವಷ್ಟೇ. 1971ರಲ್ಲಿ ಮೊದಲು ತಲೆಗೆ ಬಳಸಿದ ಸಿ.ಟಿ. ಸ್ಕ್ಯಾನ್ ಮುಂದೆ ಹೊಟ್ಟೆಗೂ ಬಂತು. 2001ರ ಹೊತ್ತಿಗೆ ನುಂಗುವ ಕ್ಯಾಮೆರಾ ಗುಳಿಗೆ ಬಂತು; ಸುಮಾರು ಎಂಟು ತಾಸು ಒಳಗೇ ಸಾಗುತ್ತಾ ಸಾವಿರಾರು ಚಿತ್ರ ತೆಗೆಯುತ್ತದೆ. ಕರುಳು ಕಿರಿದಾಗಿದ್ದರೆ ಅಲ್ಲೇ ಸಿಕ್ಕಿಕೊಳ್ಳುವ ಭಯ ಉಂಟು. ಅದೇ ಕಾಲಕ್ಕೆ ಜಪಾನಿನ ಯಮಾಮೊಟೊ ಎರಡು ಬಲೂನಿನ ಟ್ಯೂಬಿನಿಂದ ಆಳಕ್ಕೆ ಹೋಗಿ ಚೂರು ಮಾಂಸ ತೆಗೆಯುವ ದಾರಿ ಮಾಡಿದರು. ಆ ಚೂರನ್ನು ಸೂಕ್ಷ್ಮದರ್ಶಕದಡಿ ನೋಡದೆ ಇದು ಇಂಥದ್ದೇ ಅಂತ ಹೇಳಲಾಗದು.

ಮಾವನಿಗೆ ಕೊಯಮತ್ತೂರಿನಲ್ಲಿ ಸಿ.ಟಿ. ಆಯಿತು. ಅಂಗಿಯ ತೋಳು ಒಳಕ್ಕೆ ಮಡಿಚಿದ ಹಾಗೆ ಕರುಳೊಂದು ಕರುಳೊಳಗೆ ನುಗ್ಗಿತ್ತು, ತುದಿಯಲ್ಲಿ ಗಂಟು. ಆಪರೇಷನ್ನಿನಲ್ಲಿ ಅದನ್ನು ತೆಗೆದರು. ಗಂಟು ಪರೀಕ್ಷಿಸಿದ ವೈದ್ಯರು ಕೇಳಿದ್ದು ಒಂದೇ ಮಾತು: "ಇವರಿಗೆ ಮೊದಲು ಎಲ್ಲಾದರೂ ಕಪ್ಪು ಮಚ್ಚೆ ಇತ್ತಾ?"

ಬೇರೆ ಕಡೆಯಿಂದ ಸಣ್ಣ ಕರುಳಿಗೆ ಹರಡುವ ಕ್ಯಾನ್ಸರುಗಳಲ್ಲಿ ಮೆಲನೋಮ ಹೆಸರುವಾಸಿ, ಎಷ್ಟೋ ವರ್ಷ ಬಿಟ್ಟೂ ಬರುತ್ತದಂತೆ. ಅಲ್ಲಿತನಕ ಯಾವ ಡಾಕ್ಟರೂ ಕೇಳಿರಲಿಲ್ಲ ನಿಜ. ನಾವೂ ಹೇಳಿರಲಿಲ್ಲ. ಕಾಲಿನ ವಿಷಯ ಹೊಟ್ಟೆ ಡಾಕ್ಟರಿಗೆ ಯಾಕೆ ಅಂತ ಸುಮ್ಮನಿದ್ದೆವು. ಪೆಟ್ಟಿಗೆ ತೆಗೆದು ಆ ಕಾಗದವನ್ನು ಮರುದಿನದ ಬಸ್ಸಿಗೆ ಒಯ್ದವನು ನಾನೇ.

ಮಾವ ಆಮೇಲೆ ಹದಿನಾಲ್ಕು ತಿಂಗಳು ಇದ್ದರು. ಮೊದಲ ಏಳೆಂಟು ತಿಂಗಳು ಸ್ಟೇಷನ್ನಿಗೆ ನಡೆದೇ ಹೋಗಿ ಬರುತ್ತಿದ್ದರು.